ಹಲ್ಲು ಕೀಳಿಸುವ ಮುನ್ನ

ದಂತವೈದ್ಯರು ಅತಿಥಿಗಳಾಗಿ ಬರುವ ದಿನ ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪ್ರಶ್ನೆಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳೆಂದು ತಿಳಿಯುತ್ತದೆ. ‘ದವಡೆ ಹಲ್ಲು ನೋಯುತ್ತಿದೆ, ಕೀಳಿಸಿಬಿಡಲೇ ಸಾರ್?’ ಎಂದು ಒಬ್ಬರು ಕೇಳುತ್ತಾರೆ. ‘ರೂಟ್ ಕೆನಾಲ್ ಮಾಡಿಸಿ ಎನ್ನುತ್ತಾರೆ. ಅದಕ್ಕೆ ಮೂರು ನಾಲ್ಕು ಸಲ ಓಡಾಡಬೇಕು. ಕೀಳಿಸಿದರೆ ಒಂದೇ ದಿನಕ್ಕೆ ಮುಗಿಯುತ್ತದಲ್ಲವೇ?’ ಎಂದು ಇನ್ನೊಬ್ಬರು. ‘ಮಗುವಿಗೆ ಹುಳುಕು ಹಲ್ಲು, ಹೇಗೂ ಬಿದ್ದುಹೋಗುವ ಹಲ್ಲು ತಾನೆ?’ ಎಂದು ತಾಯಂದಿರು.

ಕಾರ್ಯಕ್ರಮದ ಮಿತ ಅವಧಿಯಲ್ಲಿ ಇವೆಲ್ಲಕ್ಕೂ ವಿವರವಾಗಿ ಉತ್ತರಿಸಲು ಸಮಯ ಸಾಲುವುದಿಲ್ಲ. ಹಲ್ಲಿನ ಚಿಕಿತ್ಸೆಗಳಲ್ಲಿ ಯಾವುದು ಯಾವಾಗ ಬೇಕಾಗುತ್ತದೆ, ಅದು ಹಲ್ಲಿಗೆ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ವೈದ್ಯರ ಕುರ್ಚಿಯಲ್ಲಿ ಕುಳಿತಾಗ ಸರಿಯಾದ ನಿರ್ಧಾರ ಮಾಡುವುದು ಸುಲಭವಾಗುತ್ತದೆ. ಕಿತ್ತ ಹಲ್ಲನ್ನು ಮತ್ತೆ ಹುಟ್ಟಿಸಲಾಗುವುದಿಲ್ಲವಾದ್ದರಿಂದ ಈ ತಿಳಿವಳಿಕೆ ಮೊದಲೇ ಇರುವುದು ಒಳ್ಳೆಯದು.

ಹಲ್ಲಿನ ಒಳಗೇನಿದೆ?

ನಾವು ಕನ್ನಡಿಯಲ್ಲಿ ನೋಡುವುದು ಹಲ್ಲಿನ ಒಂದು ಭಾಗವನ್ನು ಮಾತ್ರ. ಅದರ ಬೇರು ದವಡೆಯ ಮೂಳೆಯೊಳಗೆ ಇಳಿದಿರುತ್ತದೆ. ಹೊರಗೆ ಕಾಣುವ ಭಾಗದ ಮೇಲ್ಪದರವೇ ಎನಾಮೆಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ತೂಕದಲ್ಲಿ ಶೇಕಡಾ 96ರಷ್ಟು ಖನಿಜಾಂಶವೇ. ಆದರೆ ಇದಕ್ಕೆ ಒಂದು ದೊಡ್ಡ ಕೊರತೆಯಿದೆ. ಎನಾಮೆಲನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ಇಲ್ಲವಾಗಿರುತ್ತವೆ. ಚರ್ಮ ಕೊಯ್ದರೆ ಕೂಡುತ್ತದೆ, ಮೂಳೆ ಮುರಿದರೆ ಬೆಸೆಯುತ್ತದೆ. ಎನಾಮೆಲ್‌ನಲ್ಲಿ ತೂತು ಬಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಎನಾಮೆಲ್‌ನ ಕೆಳಗಿರುವುದು ಡೆಂಟಿನ್. ಹಲ್ಲಿನ ಹೆಚ್ಚಿನ ಭಾಗ ಇದೇ. ಇದರಲ್ಲಿ ಖನಿಜಾಂಶ ಸುಮಾರು ಶೇಕಡಾ 70. ಬರಿಗಣ್ಣಿಗೆ ಕಾಣದ ಸಾವಿರಾರು ಸೂಕ್ಷ್ಮ ಕೊಳವೆಗಳು ಇದರಲ್ಲಿ ಒಳಮುಖವಾಗಿ ಹರಡಿರುತ್ತವೆ. ತಣ್ಣೀರು ಕುಡಿದಾಗ ಜುಮ್ಮೆನ್ನುವುದು ಈ ಕೊಳವೆಗಳೊಳಗಿನ ದ್ರವ ಅಲುಗಾಡುವುದರಿಂದ. ಎಲ್ಲಕ್ಕೂ ಒಳಗೆ, ನಡುವಿನ ಪೊಳ್ಳಿನಲ್ಲಿ, ಹಲ್ಲಿನ ತಿರುಳು ಇದೆ. ನರ, ರಕ್ತನಾಳಗಳೆಲ್ಲ ಇರುವುದು ಇಲ್ಲಿ. ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ಅವು ದವಡೆಯೊಳಗಿನಿಂದ ಬರುತ್ತವೆ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವೊಂದಿದ್ದು, ಅದು ಹಲ್ಲನ್ನು ಹಿಡಿದಿಡುತ್ತದೆ, ಅಗಿಯುವಾಗಿನ ಒತ್ತಡವನ್ನು ತಾಳಿಕೊಳ್ಳುತ್ತದೆ. ಇದೆಲ್ಲದರ ಸುತ್ತ ವಸಡು.

ಹಾನಿ ಈ ಪದರಗಳಲ್ಲಿ ಎಲ್ಲಿಯವರೆಗೆ ತಲುಪಿದೆ ಎಂಬುದರ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ.

ಹುಳುಕಿನಲ್ಲಿ ಹುಳು ಇಲ್ಲ

‘ಹುಳುಕು’ ಎಂಬ ಮಾತಿನಲ್ಲೇ ಹುಳು ಇದೆ. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಪ್ರಪಂಚದ ಅನೇಕ ಕಡೆ ಇತ್ತು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಇದನ್ನು ಅಲ್ಲಗಳೆದಿದ್ದ. ಬೀಜಗಳನ್ನು ಕೆಂಡದ ಮೇಲೆ ಹಾಕಿ, ಹೊಗೆ ಹಿಡಿಸಿ ‘ಹುಳು’ ಉದುರಿಸಿ ತೋರಿಸುವವರು ಸಂತೆ, ಜಾತ್ರೆಗಳಲ್ಲಿ ಕಾಣಸಿಗುತ್ತಾರೆ. ಉದುರುವುದು ಬಿಸಿಗೆ ಬಿರಿದ ಬೀಜದ ಒಳಗಿನ ಮೊಳಕೆಯ ಚೂರುಗಳೇ ಹೊರತು ಹುಳುವಲ್ಲ.

ನಿಜವಾಗಿ ನಡೆಯುವುದು ಇಷ್ಟು. ಹಲ್ಲಿನ ಮೇಲೆ ಸದಾ ಬ್ಯಾಕ್ಟೀರಿಯಾಗಳ ತೆಳು ಪಾಚಿ ಕಟ್ಟುತ್ತಿರುತ್ತದೆ. ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತುಗಳೆಲ್ಲ ಆ ಬ್ಯಾಕ್ಟೀರಿಯಾಗಳಿಗೂ ಆಹಾರ. ಅವು ಅದನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಪಾಚಿಯ ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಈ ಆಮ್ಲವನ್ನು ತೊಳೆದು, ಕಳೆದ ಖನಿಜವನ್ನು ಸ್ವಲ್ಪ ಮಟ್ಟಿಗೆ ಮರಳಿಸುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಮುಖ್ಯ. ಹಬ್ಬದ ಊಟದ ಜೊತೆ ಎರಡು ಹೋಳಿಗೆ ತಿಂದವರಿಗಿಂತ, ದಿನವಿಡೀ ಗಂಟೆಗೊಮ್ಮೆ ಸಕ್ಕರೆ ಹಾಕಿದ ಕಾಫಿ ಗುಟುಕರಿಸುವವರ ಹಲ್ಲಿಗೆ ಅಪಾಯ ಹೆಚ್ಚು.

ಮೊದಲ ಹಂತದಲ್ಲಿ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಮಾತ್ರ ಕಾಣುತ್ತದೆ. ಆಗ ತೂತು ಬಿದ್ದಿರುವುದಿಲ್ಲ, ನೋವೂ ಇರುವುದಿಲ್ಲ. ಫ್ಲೋರೈಡ್ ಲೇಪನ, ಸರಿಯಾದ ಹಲ್ಲುಜ್ಜುವಿಕೆ ಮತ್ತು ಸಿಹಿಯ ಹಿಡಿತದಿಂದ ಈ ಹಂತದಲ್ಲಿ ಹುಳುಕನ್ನು ನಿಲ್ಲಿಸಬಹುದು. ಕೊರೆಯುವ ಅಗತ್ಯವೇ ಬರುವುದಿಲ್ಲ. ನೋವು ಬರುವವರೆಗೆ ಕಾದವರಿಗೆ ಈ ಅವಕಾಶ ತಪ್ಪಿಹೋಗುತ್ತದೆ.

ತೂತು ತುಂಬಿಸುವುದು

ಹುಳುಕು ಎನಾಮೆಲ್ ದಾಟಿ ಡೆಂಟಿನ್‌ಗೆ ಬಂದಾಗ ತೂತು ಬೀಳುತ್ತದೆ. ಮೆತ್ತಗಾದ ಭಾಗವನ್ನು ಕೊರೆದು ತೆಗೆದು ಬೇರೆ ವಸ್ತು ತುಂಬುವುದೇ ಫಿಲ್ಲಿಂಗ್. ನಮ್ಮ ಜನ ಎಲ್ಲವನ್ನೂ ‘ಸಿಮೆಂಟ್ ಹಾಕಿಸಿದೆ’ ಎನ್ನುವುದು ರೂಢಿ. ಆದರೆ ವಸ್ತುಗಳು ಮೂರು ಬಗೆ.

ಮೊದಲನೆಯದು ಬೆಳ್ಳಿಯ ಬಣ್ಣದ ಅಮಾಲ್ಗಮ್. ಇದರಲ್ಲಿ ಅರ್ಧದಷ್ಟು ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ ಮುಂತಾದವುಗಳ ಮಿಶ್ರಣ. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿದ್ದ, ಗಟ್ಟಿಮುಟ್ಟಾದ ವಸ್ತು. ಪಾದರಸದಿಂದ ಪರಿಸರಕ್ಕಾಗುವ ಹಾನಿಯ ಕಾರಣ 2013ರ ಮಿನಮಾಟ ಒಪ್ಪಂದ ಇದರ ಬಳಕೆಯನ್ನು ಹಂತಹಂತವಾಗಿ ಕಡಿಮೆ ಮಾಡಬೇಕೆಂದಿತು. 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಹಾಗೂ ಹಾಲೂಡಿಸುವ ತಾಯಂದಿರಿಗೆ ವೈದ್ಯರು ಅಗತ್ಯವೆಂದು ಕಂಡಲ್ಲದೆ ಬಳಸಬಾರದೆಂದು 2022ರಲ್ಲಿ ಸೇರಿಸಲಾಯಿತು. ಹಿಂದೆ ಅಮಾಲ್ಗಮ್ ತುಂಬಿಸಿಕೊಂಡವರು ಗಾಬರಿಪಡಬೇಕಾಗಿಲ್ಲ. ಗಟ್ಟಿಯಾಗಿರುವ ಫಿಲ್ಲಿಂಗನ್ನು ಸುಮ್ಮನೆ ಕೆದಕಿ ತೆಗೆಸಿದರೆ ಪಾದರಸದ ಆವಿಯೂ ಹೆಚ್ಚು, ಒಳ್ಳೆಯ ಹಲ್ಲಿನ ಭಾಗವೂ ನಷ್ಟ.

ಎರಡನೆಯದು ಹಲ್ಲಿನದೇ ಬಣ್ಣದ ಕಾಂಪೊಸಿಟ್. ಗಾಜಿನಂಥ ಸೂಕ್ಷ್ಮ ಕಣಗಳನ್ನು ರಾಳದಲ್ಲಿ ಬೆರೆಸಿ ಮಾಡಿದ್ದು. ಹಲ್ಲಿಗೆ ಮೊದಲು ದುರ್ಬಲಗೊಳಿಸಿದ ಫಾಸ್ಫಾರಿಕ್ ಆಮ್ಲ ಸವರಿ ತೊಳೆಯುತ್ತಾರೆ. ಎನಾಮೆಲ್ ಒರಟಾಗುತ್ತದೆ. ಅಂಟುದ್ರವ ಆ ಸೂಕ್ಷ್ಮ ಕುಳಿಗಳಲ್ಲಿ ಇಳಿದು ಕಚ್ಚಿಕೊಳ್ಳುತ್ತದೆ. ಅಮೆರಿಕದ ಮೈಕೆಲ್ ಬ್ಯುವೊನೊಕೋರ್ 1955ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಆಮೇಲೆ ಕಾಂಪೊಸಿಟನ್ನು ಪದರಪದರವಾಗಿ ಇಟ್ಟು, ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸಿ ಗಟ್ಟಿಮಾಡುತ್ತಾರೆ. ವೈದ್ಯರು ‘ಲೈಟ್ ಹಾಕುತ್ತೇನೆ’ ಎನ್ನುವುದು ಇದಕ್ಕೇ. ಈ ಕೆಲಸ ನಡೆಯುವಾಗ ಹಲ್ಲು ಜೊಲ್ಲಿಲ್ಲದೆ ಒಣಗಿರಬೇಕು. ಆದ್ದರಿಂದಲೇ ಸಮಯ ಹೆಚ್ಚು, ಬೆಲೆಯೂ ಹೆಚ್ಚು.

ಮೂರನೆಯದು ಗ್ಲಾಸ್ ಅಯನೋಮರ್. ಇದು ಹಲ್ಲಿನ ಕ್ಯಾಲ್ಸಿಯಮ್‌ನೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತದೆ, ಸ್ವಲ್ಪಸ್ವಲ್ಪವಾಗಿ ಫ್ಲೋರೈಡ್ ಬಿಡುತ್ತದೆ. ಆದರೆ ಸವೆತ ಹೆಚ್ಚು. ಮಕ್ಕಳ ಹಲ್ಲಿಗೆ, ವಸಡಿನ ಅಂಚಿನಲ್ಲಿ ಸವೆದ ಜಾಗಕ್ಕೆ ಸೂಕ್ತ. ಮೂರರಲ್ಲಿ ಯಾವುದೂ ‘ಅತ್ಯುತ್ತಮ’ ಎಂದು ಹೇಳಲಾಗದು. ಯಾವ ಹಲ್ಲು, ಎಷ್ಟು ದೊಡ್ಡ ತೂತು, ಎಷ್ಟು ಒತ್ತಡ ಬೀಳುವ ಜಾಗ ಎಂಬುದನ್ನು ನೋಡಿ ಆರಿಸುತ್ತಾರೆ.

ಬೇರುನಾಳ ಚಿಕಿತ್ಸೆ

ಹುಳುಕು ತಿರುಳನ್ನು ತಲುಪಿದರೆ ಫಿಲ್ಲಿಂಗ್ ಸಾಲದು. ತಿರುಳು ಸುತ್ತಲೂ ಗಟ್ಟಿ ಗೋಡೆಯಿರುವ ಕೋಣೆಯಲ್ಲಿದೆ. ಸೋಂಕಿನಿಂದ ಊದಿಕೊಳ್ಳಲು ಅಲ್ಲಿ ಜಾಗವಿಲ್ಲ, ಒತ್ತಡ ನರದ ಮೇಲೆಯೇ ಬೀಳುತ್ತದೆ. ಮಲಗಿದಾಗ ಹೆಚ್ಚಾಗುವ, ನಿದ್ದೆಗೆಡಿಸುವ ಹಲ್ಲುನೋವಿನ ಗುಟ್ಟು ಇದು. ಕೆಲವು ದಿನಗಳ ಮೇಲೆ ನೋವು ತಾನಾಗಿ ನಿಂತುಬಿಡಬಹುದು. ‘ವಾಸಿಯಾಯಿತು’ ಎಂದು ಸಮಾಧಾನಪಡುವಂತಿಲ್ಲ. ಅನೇಕ ಸಲ ಅದರ ಅರ್ಥ ನರ ಸತ್ತಿದೆ ಎಂದು. ಸೋಂಕು ಮಾತ್ರ ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತಿರುತ್ತದೆ. ಮುಂದೆ ಕೀವು, ಮುಖದ ಊತ.

ಬೇರುನಾಳ ಚಿಕಿತ್ಸೆ ಎಂದರೆ ಹಲ್ಲನ್ನು ಉಳಿಸಿಕೊಂಡು ಅದರೊಳಗಿನ ಕೆಟ್ಟ ತಿರುಳನ್ನು ಮಾತ್ರ ತೆಗೆಯುವುದು. ಎಕ್ಸ್-ರೇ ತೆಗೆದು ಬೇರುಗಳ ಆಕಾರ ನೋಡಿ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹಲ್ಲಿನ ಮೇಲ್ಭಾಗದಿಂದ ದಾರಿ ಮಾಡುತ್ತಾರೆ. ಸೂಜಿಯಂಥ ಸಣ್ಣ ಅರಗಳಿಂದ ಪ್ರತಿಯೊಂದು ನಾಳವನ್ನೂ ಕೆರೆದು, ಕ್ರಿಮಿನಾಶಕ ದ್ರವದಿಂದ ತೊಳೆಯುತ್ತಾರೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಕೆಳದವಡೆಯ ಹಲ್ಲಿಗೆ ಹೆಚ್ಚಾಗಿ ಮೂರು. ಮೇಲ್ದವಡೆಯ ಮೊದಲ ಹಲ್ಲಿಗೆ ಅನೇಕರಲ್ಲಿ ನಾಲ್ಕು. ಕೂದಲೆಳೆಯಂಥ ಒಂದು ನಾಳ ಬಿಟ್ಟುಹೋದರೂ ಸೋಂಕು ಉಳಿಯುತ್ತದೆ. ಈ ಕೆಲಸಕ್ಕೆ ಹೊತ್ತು ಹಿಡಿಯುವುದು, ಕೆಲವೊಮ್ಮೆ ಎರಡು ಮೂರು ಭೇಟಿ ಬೇಕಾಗುವುದು ಇದರಿಂದ. ನಾಳಗಳು ಶುಚಿಯಾದ ಮೇಲೆ ಗಟ್ಟಾ ಪರ್ಚಾ ಎಂಬ ವಸ್ತುವಿನಿಂದ ಅವನ್ನು ಮುಚ್ಚುತ್ತಾರೆ. ಇದು ಮಲೇಷ್ಯಾ ಕಡೆಯ ಒಂದು ಮರದ ಹಾಲಿನಿಂದ ದೊರೆಯುವ, ರಬ್ಬರನ್ನು ಹೋಲುವ ಪದಾರ್ಥ.

ಈ ಹಲ್ಲಿಗೆ ಆಮೇಲೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಆದರೆ ಅಗಿಯುವಾಗ ಅನ್ನದಲ್ಲಿ ಕಲ್ಲು ಸಿಕ್ಕರೆ ಚೆನ್ನಾಗಿಯೇ ತಿಳಿಯುತ್ತದೆ. ಬೇರಿನ ಸುತ್ತಣ ನಾರಿನ ಪದರ ಜೀವಂತವಾಗಿಯೇ ಇರುವುದರಿಂದ ಆ ಸ್ಪರ್ಶಜ್ಞಾನ ಉಳಿದಿರುತ್ತದೆ. ಯಾವ ಕೃತಕ ಹಲ್ಲಿಗೂ ಇದು ಸಾಧ್ಯವಿಲ್ಲ.

ಕ್ಯಾಪ್ ಏಕೆ?

‘ರೂಟ್ ಕೆನಾಲ್ ಆಯಿತು, ನೋವೂ ಹೋಯಿತು, ಇನ್ನು ಕ್ಯಾಪ್ ಯಾಕೆ? ದುಡ್ಡಿಗಾಗಿ ಹೇಳುತ್ತಾರೆ’ ಎಂದು ಬಿಟ್ಟುಬಿಡುವವರು ಬಹಳ. ಹುಳುಕು ತಿಂದದ್ದು, ದಾರಿ ಮಾಡಲು ಕೊರೆದದ್ದು ಎರಡೂ ಸೇರಿ ದವಡೆ ಹಲ್ಲಿನಲ್ಲಿ ಉಳಿದಿರುವುದು ತೆಳುವಾದ ಗೋಡೆಗಳು. ಕೊಡುಬಳೆಯನ್ನೋ ಕಬ್ಬಿನ ಗಿಣ್ಣನ್ನೋ ಕಚ್ಚಿದಾಗ ಆ ಗೋಡೆ ಸೀಳಬಹುದು. ಸೀಳು ಬೇರಿನವರೆಗೆ ಇಳಿದರೆ ಹಲ್ಲನ್ನು ತೆಗೆಯದೆ ಬೇರೆ ದಾರಿಯಿಲ್ಲ. ಅಷ್ಟು ಖರ್ಚು, ಅಷ್ಟು ಓಡಾಟ ಎಲ್ಲ ವ್ಯರ್ಥ. ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಬಿಗಿದಂತೆ ಕ್ಯಾಪ್ ಹಲ್ಲನ್ನು ಸುತ್ತಲೂ ಹಿಡಿದಿರುತ್ತದೆ.

ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತ ಒಂದೂವರೆ ಎರಡು ಮಿಲಿಮೀಟರಿನಷ್ಟು ತೇಯ್ದು ಅಚ್ಚು ತೆಗೆಯುತ್ತಾರೆ. ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು, ಜಿರ್ಕೋನಿಯಾದ್ದು ಎಂದು ಬಗೆಗಳಿವೆ. ಹಿಂದಿನ ಹಲ್ಲಿಗೆ, ಕಾಣದ ಜಾಗಕ್ಕೆ, ಕಡಿಮೆ ಬೆಲೆಯ ಲೋಹದ ಕ್ಯಾಪ್ ಸಾಕು. ಅದು ಕಡಿಮೆ ದರ್ಜೆಯದೇನಲ್ಲ. ದುಬಾರಿಯಾದದ್ದನ್ನು ಮಾಡಿಸಲಾಗದೆಂದು ಕ್ಯಾಪನ್ನೇ ಕೈಬಿಡುವುದು ತರವಲ್ಲ. ಎಲ್ಲ ಹಲ್ಲಿಗೂ ಕ್ಯಾಪ್ ಬೇಕೆಂದೇನಿಲ್ಲ. ಹೆಚ್ಚು ಭಾಗ ಉಳಿದಿರುವ ಮುಂದಿನ ಹಲ್ಲಿಗೆ ಬರೀ ಫಿಲ್ಲಿಂಗ್ ಸಾಕಾಗಬಹುದು.

ಕಿಟ್ಟ ತೆಗೆಸುವುದು

ಮಧ್ಯವಯಸ್ಸು ದಾಟಿದವರಲ್ಲಿ ಹಲ್ಲು ಹೋಗಲು ಹುಳುಕಿನಷ್ಟೇ ಮುಖ್ಯ ಕಾರಣ ವಸಡಿನ ರೋಗ. ಉಜ್ಜದೆ ಉಳಿದ ಪಾಚಿ ಜೊಲ್ಲಿನ ಖನಿಜಗಳೊಂದಿಗೆ ಸೇರಿ ಕಲ್ಲಿನಂತಾಗುತ್ತದೆ. ಇದೇ ಕಿಟ್ಟ. ಬ್ರಷ್ಷಿಗೆ ಇದು ಬರುವುದಿಲ್ಲ. ಇದರ ಮೇಲೆ ಕುಳಿತ ಬ್ಯಾಕ್ಟೀರಿಯಾಗಳಿಂದ ವಸಡು ಊದಿ ರಕ್ತ ಜಿನುಗುತ್ತದೆ. ಆಗಲೇ ಶುಚಿ ಮಾಡಿಸಿದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಬಿಟ್ಟರೆ ಬೇರನ್ನು ಹಿಡಿದ ಮೂಳೆ ಕರಗುತ್ತ ಹೋಗುತ್ತದೆ. ಕರಗಿದ ಮೂಳೆ ಸಾಮಾನ್ಯವಾಗಿ ಮರಳದು.

ಶುಚಿಗೊಳಿಸುವ ಯಂತ್ರದ ತುದಿ ಸೆಕೆಂಡಿಗೆ ಸುಮಾರು 25,000ದಿಂದ 30,000 ಸಲ ಕಂಪಿಸುತ್ತದೆ. ಆ ಕಂಪನಕ್ಕೆ ಕಿಟ್ಟ ಒಡೆದು ಉದುರುತ್ತದೆ, ಜೊತೆಗೆ ಚಿಮ್ಮುವ ನೀರು ಅದನ್ನು ತೊಳೆಯುತ್ತದೆ. ಇದು ಹಲ್ಲನ್ನು ಕೆರೆಯುವ ಕೆಲಸವಲ್ಲ. ‘ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲವಾಯಿತು, ಸಂದು ಬಿತ್ತು’ ಎಂದು ದೂರುವವರುಂಟು. ಸಂದು ಮೊದಲೇ ಇತ್ತು, ಕಿಟ್ಟ ಅದನ್ನು ತುಂಬಿಕೊಂಡಿತ್ತು. ಹಲ್ಲೂ ಮೊದಲೇ ಸಡಿಲವಾಗಿತ್ತು, ಕಿಟ್ಟ ಅದನ್ನು ಗಾರೆಯಂತೆ ಹಿಡಿದಿತ್ತು. ಮಧುಮೇಹ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ವಸಡಿನ ರೋಗ ಬೇಗ ಬೆಳೆಯುತ್ತದೆ. ವಸಡಿನ ಸೋಂಕಿದ್ದರೆ ಸಕ್ಕರೆ ಹಿಡಿತಕ್ಕೆ ಬರುವುದೂ ಕಷ್ಟ.

ಕೀಳಲೇಬೇಕಾದಾಗ

ಬೇರಿನವರೆಗೆ ಸೀಳಿದ, ಮೂಳೆಯ ಆಧಾರವೆಲ್ಲ ಹೋಗಿ ಅಲ್ಲಾಡುವ, ಅಡ್ಡ ಸಿಕ್ಕಿಕೊಂಡು ಪದೇಪದೇ ಊದುವ ಬುದ್ಧಿಹಲ್ಲು — ಇಂಥವನ್ನು ತೆಗೆಸುವುದೇ ಸರಿ. ಮಧುಮೇಹ, ರಕ್ತದೊತ್ತಡ, ಹೃದಯದ ಕಾಯಿಲೆ, ಗರ್ಭ, ಔಷಧಿಯ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು, ಕೇಳಿಯೇ ಮುಂದುವರಿಯಬೇಕು.

ಕಿತ್ತ ಮೇಲೆ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಹಿಡಿಯಿರಿ. ಆ ದಿನ ಪದೇಪದೇ ಉಗುಳುವುದು, ಬಾಯಿ ಮುಕ್ಕಳಿಸುವುದು, ಬೀಡಿ ಸಿಗರೇಟು ಯಾವುದೂ ಕೂಡದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಿತ್ತುಬಂದರೆ ಎರಡು ಮೂರು ದಿನದ ಮೇಲೆ ತೀವ್ರ ನೋವು ಶುರುವಾಗುತ್ತದೆ. ಉಪ್ಪುನೀರಿನ ಮುಕ್ಕಳಿಕೆ ಮರುದಿನದಿಂದ.

ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಇರುವುದಿಲ್ಲ. ಪಕ್ಕದ ಹಲ್ಲುಗಳು ಅತ್ತ ವಾಲುತ್ತವೆ, ಎದುರಿನ ಹಲ್ಲು ಉದ್ದವಾಗಿ ಇಳಿಯುತ್ತದೆ, ಅಲ್ಲಿನ ಮೂಳೆ ಸವೆಯುತ್ತದೆ. ಆದ್ದರಿಂದ ಜಾಗ ತುಂಬಿಸಲು ಮೂರು ದಾರಿಗಳಿವೆ. ತೆಗೆದು ಹಾಕುವ ಹಲ್ಲುಸೆಟ್ ಕಡಿಮೆ ಖರ್ಚಿನದು. ಬ್ರಿಜ್ ಎಂದರೆ ಎರಡು ಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ ನಡುವೆ ಕೃತಕ ಹಲ್ಲು ತೂಗುವ ಸೇತುವೆ. ಅದಕ್ಕಾಗಿ ಎರಡು ಒಳ್ಳೆಯ ಹಲ್ಲುಗಳನ್ನು ತೇಯಬೇಕಾಗುತ್ತದೆ. ಮೂರನೆಯದು ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ಟೈಟಾನಿಯಮ್ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು.

ಇಂಪ್ಲಾಂಟಿನ ಹಿಂದೆ ಸ್ವಾರಸ್ಯದ ಸಂಗತಿಯಿದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಮೂಳೆಯೊಳಗಿನ ರಕ್ತಸಂಚಾರ ನೋಡಲು ಟೈಟಾನಿಯಮ್ ಉಪಕರಣವನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಬರಲಿಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. ಇದನ್ನೇ ಆಧರಿಸಿ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಲಾಯಿತು. ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಹಿಡಿತವಿಲ್ಲದ ಮಧುಮೇಹ, ಧೂಮಪಾನ ಇದ್ದರೆ ವಿಫಲವಾಗುವ ಸಂಭವ ಹೆಚ್ಚು.

ಈಗ ಲೆಕ್ಕ ಹಾಕಿ ನೋಡಿ. ಆ ದಿನದ ಮಟ್ಟಿಗೆ ಕೀಳಿಸುವುದೇ ಅಗ್ಗ. ಆಮೇಲೆ ಜಾಗ ತುಂಬಿಸುವ ಖರ್ಚು ಸೇರಿಸಿದರೆ ಅನೇಕ ಸಲ ಉಳಿಸುವುದೇ ಅಗ್ಗವಾಗಿ ಕಾಣುತ್ತದೆ.

ಕಲೆಯಾದ ಹಲ್ಲು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರಿಲ್ಲದ ಕಡೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಇದಕ್ಕಿಂತ ಹೆಚ್ಚಾದ ನೀರನ್ನು ಎಳೆಯ ವಯಸ್ಸಿನಲ್ಲಿ, ಅಂದರೆ ಎನಾಮೆಲ್ ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗೆ, ಕುಡಿದವರ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಕಲೆ ಮೂಡುತ್ತದೆ. ಇದು ಉಜ್ಜದೆ ಬಂದ ಕೊಳೆಯಲ್ಲ. ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಕಲೆ ಹೋಗದು, ಎನಾಮೆಲ್ ಹೋಗುತ್ತದೆ. ‘ಹಲ್ಲು ಹಳದಿ’ ಎಂದು ಮದುವೆಯ ಮಾತುಕತೆಗಳಲ್ಲಿ ಹೆಣ್ಣುಮಕ್ಕಳು ಅನುಭವಿಸುವ ನೋವು ಆ ಊರಿನವರಿಗೇ ಗೊತ್ತು.

ಕಲೆ ತೆಳುವಾಗಿದ್ದರೆ ಮೇಲ್ಪದರವನ್ನು ಅತಿ ಸೂಕ್ಷ್ಮವಾಗಿ ಉಜ್ಜಿ ತೆಗೆಯುವುದು, ಬ್ಲೀಚ್ ಮಾಡುವುದು ಸಾಕು. ಗಾಢವಾಗಿದ್ದರೆ ಮುಂಭಾಗಕ್ಕೆ ಕಾಂಪೊಸಿಟ್ ಲೇಪಿಸುತ್ತಾರೆ, ಇಲ್ಲವೇ ಪಿಂಗಾಣಿಯ ತೆಳುಹಾಳೆ ಅಂಟಿಸುತ್ತಾರೆ. ಇವೆಲ್ಲ ನೋಟವನ್ನು ಸರಿಪಡಿಸುವ ಚಿಕಿತ್ಸೆಗಳು. ಮುಂದಿನ ಮಗುವಿಗೆ ಹೀಗಾಗದಂತೆ ತಡೆಯಲು ನೀರನ್ನೇ ಬದಲಿಸಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆನೀರು ಅಥವಾ ಆರ್‌ಓ ಘಟಕದ ನೀರು ಉಪಾಯ.

ಆರನೆಯ ವರ್ಷದ ಹಲ್ಲು

ತಾಯಿತಂದೆಯರು ನೆನಪಿಡಬೇಕಾದ ಮುಖ್ಯ ಮಾತೊಂದಿದೆ. ಮಗುವಿಗೆ ಸುಮಾರು ಆರು ವರ್ಷವಾದಾಗ ಹಾಲುಹಲ್ಲುಗಳ ಸಾಲಿನ ಹಿಂದೆ, ಎರಡೂ ದವಡೆಗಳ ಎರಡೂ ಬದಿಗೆ, ಹೊಸದಾಗಿ ಒಂದೊಂದು ದೊಡ್ಡ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದ ಜಾಗದಲ್ಲಿ ಬಾರದ ಕಾರಣ ಇದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಇದು ಶಾಶ್ವತ ಹಲ್ಲು. ಅಗಿಯುವ ಮುಖ್ಯ ಕೆಲಸ ಜೀವನಪರ್ಯಂತ ಇದರದೇ. ಇದರ ಮೇಲ್ಭಾಗದ ಆಳವಾದ ಗೀರುಗಳಲ್ಲಿ ಬೇಗ ಹುಳುಕು ಹಿಡಿಯುತ್ತದೆ. ಹುಟ್ಟಿದ ಹೊಸದರಲ್ಲೇ ಆ ಗೀರುಗಳನ್ನು ಸೀಲೆಂಟ್ ಎಂಬ ತೆಳು ರಾಳದಿಂದ ಮುಚ್ಚಿಸಬಹುದು. ಕೊರೆಯುವುದಿಲ್ಲ, ನೋವಿಲ್ಲ.

ಹಾಲುಹಲ್ಲೂ ಕಡೆಗಣಿಸುವಂಥದ್ದಲ್ಲ. ಅದು ಮುಂಬರುವ ಹಲ್ಲಿಗೆ ಜಾಗ ಕಾದಿಟ್ಟಿರುತ್ತದೆ. ಬೇಗ ಕಿತ್ತರೆ ಜಾಗ ಮುಚ್ಚಿ, ಮುಂದಿನ ಹಲ್ಲು ಸೊಟ್ಟಗೆ ಬಂದು, ಹದಿಮೂರು ಹದಿನಾಲ್ಕರಲ್ಲಿ ತಂತಿ ಹಾಕಿಸುವ ಸರದಿ ಬರಬಹುದು.

ತಡಮಾಡಬಾರದ ಲಕ್ಷಣಗಳು

ಹಲ್ಲುನೋವಿನ ಜೊತೆ ಜ್ವರ, ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ, ಬಾಯಿ ತೆರೆಯಲು ಆಗದಿರುವುದು, ಎಂಜಲು ನುಂಗಲಾಗದಿರುವುದು, ಉಸಿರಾಟಕ್ಕೆ ತೊಂದರೆ — ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೆಳದವಡೆಯ ಕೀವು ನಾಲಿಗೆಯ ಕೆಳಗೆ ಹರಡಿ ಉಸಿರು ಕಟ್ಟಿಸುವುದುಂಟು. ಹಲ್ಲಿನಿಂದ ಪ್ರಾಣಾಪಾಯವೇ ಎಂದು ಉದಾಸೀನ ಮಾಡಬಾರದು. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಎಲೆಅಡಿಕೆ ಗುಟ್ಕಾ ತಿನ್ನುವವರಲ್ಲಿ ಬಾಯಿ ಬರಬರುತ್ತ ಕಿರಿದಾಗಿ ತೆರೆಯುವುದು, ಇವನ್ನೂ ಕೂಡಲೇ ತೋರಿಸಬೇಕು.

ಖಾಸಗಿ ಚಿಕಿತ್ಸೆ ದುಬಾರಿಯೆನಿಸುವವರು ಹತ್ತಿರದ ದಂತ ಕಾಲೇಜನ್ನು ವಿಚಾರಿಸಬಹುದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಿಂದ ಇದೆ. ಇಂಥ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಕಡಿಮೆ ಶುಲ್ಕಕ್ಕೆ ಚಿಕಿತ್ಸೆ ನೀಡುತ್ತಾರೆ. ಹೊತ್ತು ಹೆಚ್ಚು ಹಿಡಿಯಬಹುದು. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತ ಹಲ್ಲುಸೆಟ್ ಒದಗಿಸಲು ರಾಜ್ಯ ಸರ್ಕಾರ 2014ರಲ್ಲಿ ‘ದಂತಭಾಗ್ಯ’ ಯೋಜನೆ ಆರಂಭಿಸಿತು. ಇದರ ವಿವರಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ತಿಳಿಯಿರಿ.

ವೀಕ್ಷಕರು ಪದೇಪದೇ ಕೇಳುವ ಪ್ರಶ್ನೆಗಳು

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆಯೇ?

ಇಲ್ಲ. ಹಲ್ಲಿಗೆ ಬರುವುದು ಮಿದುಳಿನಿಂದ ಹೊರಡುವ ಐದನೆಯ ನರದ ಕವಲು. ದೃಷ್ಟಿಯ ನರ ಎರಡನೆಯದು. ಎರಡರ ದಾರಿಯೂ ಬೇರೆ. ಹಲ್ಲು ಹೋಗುವ ವಯಸ್ಸೂ ಪೊರೆ ಬರುವ ವಯಸ್ಸೂ ಒಂದೇ ಆದ್ದರಿಂದ ಈ ನಂಬಿಕೆ ಬೆಳೆದಿರಬೇಕು.

ನೋವಿಗೆ ಲವಂಗ ಇಡಬಹುದೇ?

ತಾತ್ಕಾಲಿಕವಾಗಿ ಸರಿ. ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಮರೆಸುತ್ತದೆ. ದಂತವೈದ್ಯರೂ ಸತುವಿನ ಆಕ್ಸೈಡ್ ಜೊತೆ ಅದನ್ನು ಬಳಸುತ್ತಾರೆ. ಹುಳುಕು ಮಾತ್ರ ಅದರಿಂದ ನಿಲ್ಲುವುದಿಲ್ಲ. ಆಸ್ಪಿರಿನ್ ಮಾತ್ರೆ, ಹೊಗೆಸೊಪ್ಪು ಇಡುವುದು ಬೇಡ, ವಸಡು ಸುಡುತ್ತದೆ.

ಆಟವಾಡುವಾಗ ಮಗನ ಮುಂದಿನ ಹಲ್ಲು ಬೇರುಸಹಿತ ಕಿತ್ತುಬಂದರೆ?

ಶಾಶ್ವತ ಹಲ್ಲಾದರೆ ಉಳಿಸುವ ಸಾಧ್ಯತೆಯಿದೆ. ಬೇರನ್ನು ಮುಟ್ಟದೆ ಮೇಲ್ಭಾಗದಿಂದ ಹಿಡಿಯಿರಿ, ಉಜ್ಜಬೇಡಿ. ಮಣ್ಣಾಗಿದ್ದರೆ ಕ್ಷಣಮಾತ್ರ ನೀರಿನಲ್ಲಿ ತೊಳೆದು, ಆದರೆ ಅದೇ ಗುಳಿಯಲ್ಲಿ ಕೂರಿಸಿ. ಆಗದಿದ್ದರೆ ಹಾಲಿನ ಲೋಟದಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಹೋಗಿ. ಬೇಗ ಹೋದಷ್ಟೂ ಒಳ್ಳೆಯದು. ಹಾಲುಹಲ್ಲನ್ನು ಮತ್ತೆ ಕೂರಿಸಬಾರದು.

ಗರ್ಭಿಣಿಯರು ಹಲ್ಲಿನ ಚಿಕಿತ್ಸೆ ಮಾಡಿಸಬಹುದೇ?

ಮಾಡಿಸಬಹುದು. ನಾಲ್ಕರಿಂದ ಆರನೆಯ ತಿಂಗಳು ಹೆಚ್ಚು ಅನುಕೂಲ. ಸೋಂಕಿದ್ದರೆ ಯಾವ ತಿಂಗಳಾದರೂ ಬಿಡಬಾರದು.

ಯಾವ ಪೇಸ್ಟ್ ಒಳ್ಳೆಯದು?

ಹೆಸರಿಗಿಂತ ಫ್ಲೋರೈಡ್ ಇದೆಯೇ ನೋಡಿ. ಸುಮಾರು 1000 ಪಿಪಿಎಂ ಇದ್ದರೆ ಸರಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ನುಂಗದಂತೆ ನೋಡಿಕೊಳ್ಳಿ. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಮಕ್ಕಳ ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳಿ. ರಾತ್ರಿ ಮಲಗಿದಾಗ ಜೊಲ್ಲು ಕಡಿಮೆಯಾಗುವುದರಿಂದ ಬೆಳಗಿನದಕ್ಕಿಂತ ರಾತ್ರಿಯ ಹಲ್ಲುಜ್ಜುವಿಕೆ ಮುಖ್ಯ.

ನೋವಿಲ್ಲದಿದ್ದರೂ ವೈದ್ಯರಲ್ಲಿಗೆ ಹೋಗಬೇಕೇ?

ವರ್ಷಕ್ಕೊಮ್ಮೆಯಾದರೂ ಹೋಗಿ. ಬಿಳಿ ಮಚ್ಚೆ, ಸಣ್ಣ ತೂತು, ವಸಡಿನ ಮೊದಲ ಊತ ಇವು ಯಾವುವೂ ನೋಯುವುದಿಲ್ಲ. ಆದರೆ ಸುಲಭವಾಗಿ ವಾಸಿಯಾಗುವುದು ಆ ಹಂತದಲ್ಲೇ. ಹೋದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಹಾನಿ ಎಲ್ಲಿಯವರೆಗೆ ತಲುಪಿದೆ? ಈ ಹಲ್ಲನ್ನು ಉಳಿಸಲು ಸಾಧ್ಯವೇ? ಕೀಳಿಸಿದರೆ ಆ ಜಾಗಕ್ಕೆ ಮುಂದೇನು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ನಿರ್ಧಾರ ನಿಮ್ಮದು.